ಟೀಮ್ ಲೀಡ್ ಆದೆ, ಆದರೆ 'ಒಂದಲ್ಲ ಒಂದು ದಿನ ಬಣ್ಣ ಬಯಲಾಗುತ್ತದೆ' ಅನ್ನೋ ಭಯ ಹೋಗುತ್ತಿಲ್ಲ

ಮೋಡದ ಮರೆ

ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಈಚೆಗೆ ನನ್ನನ್ನು ಟೀಮ್ ಲೀಡ್ ಮಾಡಿದರು. ನಾನು ಕೇಳಿರಲಿಲ್ಲ, ಅವರಾಗಿಯೇ ಕರೆದು ಕೊಟ್ಟರು. ಮನೆಯವರಿಗೆ, ಸ್ನೇಹಿತರಿಗೆ ಎಲ್ಲರಿಗೂ ಖುಷಿ. ನನಗೆ ಮಾತ್ರ ಆವತ್ತಿನಿಂದ ಹೊಟ್ಟೆಯಲ್ಲಿ ಒಂಥರಾ ಸಂಕಟ. 'ಇವರು ನನ್ನ ಬಗ್ಗೆ ಏನೋ ತಪ್ಪು ತಿಳಿದುಕೊಂಡಿದ್ದಾರೆ, ಇವತ್ತಲ್ಲ ನಾಳೆ ಗೊತ್ತಾಗುತ್ತದೆ' ಅನ್ನೋ ಮಾತು ತಲೆಯಲ್ಲಿ ಓಡುತ್ತಲೇ ಇರುತ್ತದೆ.

ಮೊನ್ನೆ ಒಂದು ಡಿಸೈನ್ ರಿವ್ಯೂ ಇತ್ತು, ಅಂದರೆ ನಮ್ಮ ಕೆಲಸದ ವಿನ್ಯಾಸವನ್ನು ಎಲ್ಲರ ಮುಂದಿಟ್ಟು ಪ್ರಶ್ನೆಗಳಿಗೆ ಉತ್ತರಿಸುವ ಮೀಟಿಂಗ್. ಯಾರು ಏನು ಕೇಳಬಹುದು ಅಂತ ಹಿಂದಿನ ರಾತ್ರಿ ಕೂತು ಪ್ರಶ್ನೆ, ಉತ್ತರ ಎರಡನ್ನೂ ಪುಟಗಟ್ಟಲೆ ಬರೆದುಕೊಂಡೆ. ಮೀಟಿಂಗ್‌ನಲ್ಲಿ ಹೊಸದಾಗಿ ಸೇರಿದ ಹುಡುಗ ಒಂದು ಪ್ರಶ್ನೆ ಕೇಳಿದ. 'ಪೇಮೆಂಟ್ ಸರ್ವರ್ ಉತ್ತರ ಕೊಡದೆ ಟೈಮ್‌ಔಟ್ ಆಯಿತು ಅಂದುಕೊಳ್ಳಿ. ನಾವು ಮತ್ತೆ ರಿಕ್ವೆಸ್ಟ್ ಕಳಿಸಿದರೆ ಗ್ರಾಹಕರ ದುಡ್ಡು ಎರಡು ಸಲ ಕಟ್ ಆಗಲ್ವಾ?' ಉತ್ತರ ನನಗೆ ಗೊತ್ತಿತ್ತು. ಪ್ರತಿ ಪೇಮೆಂಟಿಗೂ ಬೇರೆ ಬೇರೆ ಐಡಿ ಇರುತ್ತದೆ, ರಿಕ್ವೆಸ್ಟ್ ಮತ್ತೆ ಕಳಿಸುವಾಗಲೂ ಅದೇ ಐಡಿ ಹೋಗುತ್ತದೆ. ಅದೇ ಐಡಿ ಎರಡನೇ ಸಲ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ವಾಪಸ್ ಕೊಡುತ್ತದೆ, ದುಡ್ಡು ಮುಟ್ಟುವುದಿಲ್ಲ. ಆ ಭಾಗ ಬರೆದವಳೇ ನಾನು. ಆದರೂ ಬಾಯಿ ಒಣಗಿತು, ಮಾತು ತಡವರಿಸಿತು. ಎಲ್ಲರೂ ನೋಡಿಬಿಟ್ಟರು ಅಂತ ಅನಿಸಿತು. ಮುಗಿದ ಮೇಲೆ ಮ್ಯಾನೇಜರ್ 'ಚೆನ್ನಾಗಿ ವಿವರಿಸಿದಿರಿ' ಅಂದರು. ನನ್ನ ಮುಖ ನೋಡಿ ಸಮಾಧಾನಕ್ಕೆ ಹೇಳಿದರು ಅಂತಲೇ ನಾನು ತಿಳಿದುಕೊಂಡೆ.

ಇದನ್ನು ಇಂಪೋಸ್ಟರ್ ಸಿಂಡ್ರೋಮ್ ಅನ್ನುತ್ತಾರೆ ಅಂತ ಗೊತ್ತು. ಹೆಸರು ಗೊತ್ತಾದ ಮಾತ್ರಕ್ಕೆ ಏನೂ ಕಮ್ಮಿ ಆಗಿಲ್ಲ. ಇನ್ನೊಂದು ಸರ್ಟಿಫಿಕೇಟ್ ಮಾಡಿದರೆ ಧೈರ್ಯ ಬರಬಹುದಾ ಅಂತ ಯೋಚಿಸುತ್ತಿದ್ದೇನೆ. ಇದನ್ನು ದಾಟಿದವರು ಇದ್ದರೆ ಹೇಳಿ, ಏನು ಮಾಡಿದಿರಿ?

ಪುಸ್ತಕದ ಹುಳು

ಸರ್ಟಿಫಿಕೇಟ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಕಲಿಯುವ ಆಸೆ ಇದ್ದರೆ ಖಂಡಿತ ಮಾಡಿ. ಭಯ ಹೋಗಲಿ ಅಂತ ಮಾತ್ರ ಮಾಡಬೇಡಿ, ಅದರಿಂದ ಹೋಗುವುದಿಲ್ಲ.

ನಾನು ಮನಶ್ಶಾಸ್ತ್ರದ ವಿದ್ಯಾರ್ಥಿನಿ. 1978ರಲ್ಲಿ ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞೆಯರು ಈ ಭಾವನೆಯ ಬಗ್ಗೆ ಮೊದಲ ಸಲ ಪ್ರಬಂಧ ಬರೆದರು. 150ಕ್ಕೂ ಹೆಚ್ಚು ಹೆಂಗಸರ ಜೊತೆ ಕೆಲಸ ಮಾಡಿ ಬರೆದದ್ದು. ಅವರಲ್ಲಿ ಪಿಎಚ್‌ಡಿ ಆದವರಿದ್ದರು, ತಮ್ಮ ವೃತ್ತಿಯಲ್ಲಿ ಗೌರವ ಪಡೆದವರಿದ್ದರು, ಒಳ್ಳೇ ಅಂಕ ತೆಗೆದ ವಿದ್ಯಾರ್ಥಿನಿಯರಿದ್ದರು. ಅಂದರೆ ಸರ್ಟಿಫಿಕೇಟಿಗೆ ಏನೂ ಬರ ಇರಲಿಲ್ಲ. ಆದರೂ 'ಅಡ್ಮಿಶನ್ ಕಮಿಟಿಯ ತಪ್ಪಿನಿಂದ ನನಗೆ ಸೀಟು ಸಿಕ್ಕಿದೆ' ಅನ್ನುವವರು ಅವರಲ್ಲಿ ಬೇಕಾದಷ್ಟು ಜನ ಇದ್ದರು.

ಯಾಕೆ ಹೀಗೆ ಅನ್ನೋದನ್ನು ಕ್ಲಾನ್ಸ್ ಆಮೇಲೆ ಒಂದು ಚಕ್ರದ ಹಾಗೆ ವಿವರಿಸಿದರು. ಹೊಸ ಕೆಲಸ ಬರುತ್ತದೆ. ಭಯ ಆಗುತ್ತದೆ. ಭಯಕ್ಕೆ ಎರಡು ದಾರಿ. ಒಂದೋ ಅಗತ್ಯಕ್ಕಿಂತ ತುಂಬಾ ಜಾಸ್ತಿ ತಯಾರಿ, ಇಲ್ಲವೋ ಕೊನೇ ಗಳಿಗೆವರೆಗೆ ಮುಂದೂಡಿ ಆಮೇಲೆ ಗಡಿಬಿಡಿ. ಕೆಲಸ ಚೆನ್ನಾಗಿಯೇ ಆಗುತ್ತದೆ, ಸ್ವಲ್ಪ ಹೊತ್ತು ನಿರಾಳ. ಆಮೇಲೆ ಲೆಕ್ಕ ಶುರು. ಜಾಸ್ತಿ ತಯಾರಿ ಮಾಡಿದವರು 'ನನಗೆ ಬುದ್ಧಿ ಇದ್ದಿದ್ದರೆ ಇಷ್ಟು ಒದ್ದಾಡಬೇಕಿತ್ತಾ?' ಅನ್ನುತ್ತಾರೆ. ಗಡಿಬಿಡಿ ಮಾಡಿದವರು 'ಅದೃಷ್ಟ, ಬಚಾವಾದೆ' ಅನ್ನುತ್ತಾರೆ. ಎರಡರಲ್ಲೂ ಗೆಲುವು ನಿಮ್ಮ ಹೆಸರಿಗೆ ಜಮಾ ಆಗುವುದೇ ಇಲ್ಲ. ಮುಂದಿನ ಕೆಲಸ ಬಂದಾಗ ಮತ್ತೆ ಮೊದಲಿನಿಂದ ಭಯ.

ನಿಮ್ಮ ಪುಟಗಟ್ಟಲೆ ಪ್ರಶ್ನೋತ್ತರ ಈ ಚಕ್ರದ ಒಳಗೇ ಇದೆ. ಮ್ಯಾನೇಜರ್ ಮೆಚ್ಚಿದರು, ನೀವು ಅದನ್ನು 'ಸಮಾಧಾನದ ಮಾತು' ಅಂತ ಬದಿಗಿಟ್ಟಿರಿ. ಮನಸ್ಸು ಒಂದು ಜರಡಿಯ ಹಾಗೆ ಕೆಲಸ ಮಾಡುತ್ತಿದೆ. ಹೊಗಳಿಕೆ ಸೋರಿಹೋಗುತ್ತದೆ, ತಡವರಿಸಿದ ಆ ಒಂದು ಕ್ಷಣ ಮೇಲೆ ಉಳಿಯುತ್ತದೆ. ಇನ್ನೊಂದು ಸರ್ಟಿಫಿಕೇಟ್ ತಂದು ಸುರಿದರೂ ಅದೂ ಸೋರುತ್ತದೆ.

ಹಳೇ ಕೋಡರ್

ಟೈಮ್‌ಔಟ್ ಪ್ರಶ್ನೆಗೆ ನೀವು ಬರೆದ ಉತ್ತರ ಸರಿಯಾಗಿದೆ, ಅದೂ ಸ್ಪಷ್ಟವಾಗಿದೆ. ದುಡ್ಡಿನ ವಿಷಯದಲ್ಲಿ ಇದನ್ನು ಮರೆತು ಒದ್ದಾಡಿದ ಟೀಮುಗಳನ್ನು ನಾನು ನೋಡಿದ್ದೇನೆ. ನೀವು ಮೊದಲೇ ಯೋಚಿಸಿ ಕೋಡ್ ಬರೆದಿದ್ದೀರಿ. ಇದನ್ನು ಹೊಗಳಿಕೆ ಅಂತ ತೆಗೆದುಕೊಳ್ಳಬೇಡಿ, ಕೆಲಸ ನೋಡಿ ಹೇಳಿದ ಮಾತು ಅಂತ ತೆಗೆದುಕೊಳ್ಳಿ.

ನನ್ನ ಅನುಭವದಲ್ಲಿ ಉಪಯೋಗಕ್ಕೆ ಬಂದದ್ದು ಒಂದೇ. ಬೇರೆಯವರ ಅರ್ಧಂಬರ್ಧ ಕೆಲಸ ನೋಡುವುದು. ಮುಗಿದ ಕೆಲಸ ನೋಡಿದರೆ ಪ್ರಯೋಜನ ಇಲ್ಲ, ಅರ್ಧ ಆದದ್ದನ್ನೇ ನೋಡಬೇಕು. ನಮ್ಮ ತಲೆಯೊಳಗಿನ ಗೊಂದಲ ನಮಗೆ ಪೂರ್ತಿ ಕಾಣಿಸುತ್ತದೆ. ಅಳಿಸಿದ ಸಾಲು, ಹುಡುಕಿ ಹುಡುಕಿ ಸುಸ್ತಾದದ್ದು, ಕೋಡಿನ ಒಂದು ಸಣ್ಣ ತಪ್ಪಿಗೆ ಇಡೀ ಮಧ್ಯಾಹ್ನ ಹೋದದ್ದು, ಎಲ್ಲ. ಪಕ್ಕದವರದ್ದು ಕಾಣಿಸುವುದು ಕೊನೆಗೆ ಮರ್ಜ್ ಆದ ಚೊಕ್ಕ ಕೋಡ್ ಮಾತ್ರ. ಹಾಗಾಗಿ ಹೋಲಿಕೆ ಶುರುವಿನಲ್ಲೇ ತಪ್ಪಾಗಿರುತ್ತದೆ.

ನಮ್ಮಲ್ಲಿ ಇಬ್ಬರು ಜೊತೆಗೆ ಕೂತು ಒಂದೇ ಸ್ಕ್ರೀನಿನಲ್ಲಿ ಕೋಡ್ ಮಾಡುವ ಪದ್ಧತಿ ಇದೆ. ನಾನು ಬಹಳ ಗೌರವಿಸುತ್ತಿದ್ದ ಒಬ್ಬರ ಜೊತೆ ಮೊದಲ ಸಲ ಕೂತಾಗ ಅವರು ದಿನಾ ಬಳಸುವ ಒಂದು ಕಮಾಂಡನ್ನು ಸರ್ಚ್ ಮಾಡಿ ನೋಡಿದರು. ಟೈಪ್ ಮಾಡಿದರು, ಎರರ್ ಬಂತು, 'ಓ, ಇದು ಉಲ್ಟಾ ಆಯ್ತು' ಅಂದರು, ತಿದ್ದಿದರು. ಅವರ ಮುಖದಲ್ಲಿ ಸಂಕೋಚವೇ ಇರಲಿಲ್ಲ. ಅದೇ ಎರರ್ ನನಗೆ ಬಂದಿದ್ದರೆ ಬೇಗ ವಿಂಡೋ ಮುಚ್ಚುತ್ತಿದ್ದೆ. ಆ ಒಂದು ಗಂಟೆಯಲ್ಲಿ ನಾನು ಕೋಡ್ ಕಲಿತದ್ದು ಕಮ್ಮಿ. ಇಷ್ಟು ಅನುಭವ ಇದ್ದವರೂ ಹೀಗೇ ಕೆಲಸ ಮಾಡುತ್ತಾರೆ ಅನ್ನೋದನ್ನು ಕಣ್ಣಾರೆ ಕಂಡದ್ದೇ ದೊಡ್ಡದು.

ಪುಸ್ತಕದ ಹುಳು

@ಹಳೇ ಕೋಡರ್ ಸರ್, ನೀವು ಹೇಳಿದ್ದಕ್ಕೆ ಪುರಾವೆಯೂ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಕೇಳಿರುತ್ತೀರಿ. 'ಗೊತ್ತಿಲ್ಲದವರು ತಮಗೆ ಗೊತ್ತು ಅಂದುಕೊಳ್ಳುತ್ತಾರೆ' ಅನ್ನೋ ಅರ್ಧ ಭಾಗ ಮಾತ್ರ ಎಲ್ಲರೂ ಹೇಳುತ್ತಾರೆ. ಉಳಿದರ್ಧ ಈ ಚರ್ಚೆಗೆ ಬೇಕಾದದ್ದು. ಪರೀಕ್ಷೆಯಲ್ಲಿ ಮೇಲಿನ ಕಾಲುಭಾಗದಲ್ಲಿ ಇದ್ದವರು ತಮ್ಮ ಸ್ಥಾನವನ್ನು ನಿಜಕ್ಕಿಂತ ಕೆಳಗೆ ಅಂದಾಜು ಮಾಡಿದ್ದರು. ತಮಗೆ ಸುಲಭ ಆದದ್ದು ಎಲ್ಲರಿಗೂ ಸುಲಭ ಅಂತ ಅವರು ತಿಳಿದಿದ್ದರು. ಆಮೇಲೆ ಅವರ ಕೈಗೆ ಬೇರೆಯವರ ವ್ಯಾಕರಣ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಕೊಟ್ಟು ಮೌಲ್ಯಮಾಪನ ಮಾಡಿಸಿದರು. ಆಗ ಅವರ ಅಂದಾಜು ಮೇಲಕ್ಕೆ ಹೋಗಿ ನಿಜಕ್ಕೆ ಹತ್ತಿರ ಬಂತು. ಯಾರೂ ಅವರನ್ನು ಹೊಗಳಲಿಲ್ಲ, ಧೈರ್ಯ ತುಂಬಲಿಲ್ಲ. ಬೇರೆಯವರ ಕೆಲಸ ಕಣ್ಣೆದುರು ಇಟ್ಟರು, ಅಷ್ಟೇ.

ನೇರ ಮಾತು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಇಂಪೋಸ್ಟರ್ ಸಿಂಡ್ರೋಮ್ ಅನ್ನೋ ಹೆಸರನ್ನು ಈಗ ಎಲ್ಲದಕ್ಕೂ ಅಂಟಿಸುತ್ತಿದ್ದೇವೆ. 2020ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 62 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿ ಬಂತು. ಒಟ್ಟು 14,161 ಜನರ ಮಾಹಿತಿ. ಈ ಭಾವನೆ ಎಷ್ಟು ಜನರಿಗೆ ಇದೆ ಅಂತ ನೋಡಿದರೆ ಒಂದು ಕಡೆ ಶೇಕಡಾ 9, ಇನ್ನೊಂದು ಕಡೆ ಶೇಕಡಾ 82. ಯಾವ ಪ್ರಶ್ನಾವಳಿ ಬಳಸಿದರು, ಎಷ್ಟು ಅಂಕಕ್ಕೆ 'ಇದೆ' ಅಂದರು ಅನ್ನೋದರ ಮೇಲೆ ಉತ್ತರ ಇಷ್ಟು ಬದಲಾಗುತ್ತದೆ. ಹೀಗಿರುವಾಗ ಇದು ಒಬ್ಬ ವ್ಯಕ್ತಿಯ ಒಳಗಿನ ದೋಷ ಅಂತ ಹೇಗೆ ಹೇಳೋದು?

ನನ್ನ ತಕರಾರು ಇಷ್ಟೇ. ಹೊಸ ಕೆಲಸದಲ್ಲಿ ಗೊತ್ತಿಲ್ಲದ್ದು ಇದ್ದೇ ಇರುತ್ತದೆ. ನಿನ್ನೆವರೆಗೆ ಕೋಡ್ ಬರೆಯುತ್ತಿದ್ದವರು ಇವತ್ತು ಜನರನ್ನು ನೋಡಿಕೊಳ್ಳಬೇಕು. ಅದು ಬೇರೆಯೇ ಕೆಲಸ, ಕಲಿತಿಲ್ಲ, ಹಾಗಾಗಿ ಹೆದರಿಕೆ. ಇದರಲ್ಲಿ ಮೋಸದ ಮಾತೇ ಇಲ್ಲ. ಇನ್ನೊಂದು, ಕೆಲವು ಜಾಗಗಳೇ ಹಾಗಿರುತ್ತವೆ. ಮಾತಾಡುವಾಗ ಕೆಲವರನ್ನೇ ಪದೇ ಪದೇ ತಡೆಯುತ್ತಾರೆ, ಅವರ ಐಡಿಯಾ ಇನ್ನೊಬ್ಬರು ಹೇಳಿದಾಗ ಮಾತ್ರ ತಲೆಯಾಡಿಸುತ್ತಾರೆ. ಅಂಥ ಕಡೆ 'ನಾನು ಇಲ್ಲಿಗೆ ಸೇರಿದವಳಲ್ಲ' ಅಂತ ಅನಿಸಿದರೆ ಅದು ಕಣ್ಣಿಗೆ ಕಂಡದ್ದನ್ನು ಸರಿಯಾಗಿ ಓದಿದ ಹಾಗೆ. 2021ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ರುಚಿಕಾ ತುಲ್ಶ್ಯಾನ್ ಮತ್ತು ಜೋಡಿ-ಆ್ಯನ್ ಬ್ಯೂರಿ ಇದನ್ನೇ ಗಟ್ಟಿಯಾಗಿ ಬರೆದರು. ಹೆಂಗಸರನ್ನು ರಿಪೇರಿ ಮಾಡುವ ಬದಲು ಕೆಲಸದ ಜಾಗವನ್ನು ಸರಿಮಾಡಿ ಅಂತ.

@ಮೋಡದ ಮರೆ, ಎರಡು ಪ್ರಶ್ನೆ. ಲೀಡ್ ಅಂದರೆ ಏನೇನು ಮಾಡಬೇಕು ಅಂತ ನಿಮಗೆ ಯಾರಾದರೂ ಬರೆದುಕೊಟ್ಟಿದ್ದಾರಾ? ನಿಮ್ಮನ್ನೇ ಯಾಕೆ ಆರಿಸಿದರು ಅಂತ ಹೇಳಿದ್ದಾರಾ?

ಮೋಡದ ಮರೆ

ಎರಡೂ ಇಲ್ಲ. 'ನೀವು ಮಾಡ್ತೀರಿ, ನಮಗೆ ಗೊತ್ತು' ಅಂದರು, ಅಷ್ಟೇ. ನನ್ನನ್ನು ಯಾರೂ ತಡೆಯುವುದಿಲ್ಲ, ಟೀಮ್ ಒಳ್ಳೆಯದೇ ಇದೆ. ಆದರೆ ನೀವು ಕೇಳಿದ ಮೇಲೆ ಯೋಚಿಸಿದೆ. ಲೀಡ್ ಆದವರಿಗೆ ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿರಬೇಕು ಅಂತ ನನ್ನ ತಲೆಯಲ್ಲಿ ಇತ್ತು. ಅದನ್ನು ನನಗೆ ಯಾರೂ ಹೇಳಿಲ್ಲ. ನಾನೇ ಇಟ್ಟುಕೊಂಡದ್ದು.

ನೈಟ್ ಡ್ಯೂಟಿ

'ಎಲ್ಲ ಗೊತ್ತಿರಬೇಕು' ಅನ್ನೋ ಮಾತು ನೋಡಿ ಬರೆಯಲೇಬೇಕು ಅನಿಸಿತು. ನಾನು ಐಸಿಯುನಲ್ಲಿ ನರ್ಸ್.

ನಮ್ಮಲ್ಲಿ ಕೆಲವು ಔಷಧಿಗಳಿವೆ. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ರಕ್ತನಾಳಕ್ಕೆ ಕೊಡುವ ಪೊಟ್ಯಾಸಿಯಂ. ಪ್ರಮಾಣ ಸ್ವಲ್ಪ ತಪ್ಪಿದರೂ ಜೀವಕ್ಕೆ ಅಪಾಯ. ಇವನ್ನು ಕೊಡುವ ಮೊದಲು ಇಬ್ಬರು ನರ್ಸ್‌ಗಳು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಎರಡನೆಯವರಿಗೆ ಮೊದಲನೆಯವರ ಉತ್ತರ ಹೇಳಬಾರದು. ಹೇಳಿದರೆ ಅವರ ಕಣ್ಣು ಅದೇ ಉತ್ತರವನ್ನು ಹುಡುಕುತ್ತದೆ. ಎರಡೂ ಉತ್ತರ ಹೊಂದಿದರೆ ಮಾತ್ರ ಮುಂದಕ್ಕೆ.

ನಾನು ಸೇರಿದ ಹೊಸದರಲ್ಲಿ ಇದನ್ನು ಪರೀಕ್ಷೆ ಅಂತ ತಿಳಿದಿದ್ದೆ. ಪಕ್ಕದಲ್ಲಿ ಒಬ್ಬರು ನಿಂತರೆ ಕೈ ನಡುಗುತ್ತಿತ್ತು. ಒಂದು ರಾತ್ರಿ ನಮ್ಮ ವಾರ್ಡಿನ ಅತ್ಯಂತ ಅನುಭವಿ ಸಿಸ್ಟರ್ ನನ್ನನ್ನು ಕರೆದರು. ರಕ್ತನಾಳಕ್ಕೆ ಔಷಧಿ ಹರಿಸುವ ಇನ್ಫ್ಯೂಷನ್ ಪಂಪ್ ಮುಂದೆ ನಿಂತಿದ್ದರು, ಚಾರ್ಟ್ ನನ್ನ ಕೈಗೆ ಕೊಟ್ಟರು. 'ಬಾ, ಇದನ್ನೊಂದು ಸಲ ನೀನೂ ಲೆಕ್ಕ ಹಾಕು' ಅಂದರು. ನಾನು ಹಾಕಿದೆ. ನನ್ನ ಉತ್ತರ ಕೇಳಿ, ತಮ್ಮ ಚೀಟಿ ತಿರುಗಿಸಿ ನೋಡಿ, 'ಸರಿ ಇದೆ' ಅಂದು ಪಂಪ್ ಶುರು ಮಾಡಿದರು. ಅವರಿಗೆ ನನ್ನ ಅಗತ್ಯ ಇತ್ತು. ಅಷ್ಟು ಅನುಭವ ಇದ್ದರೂ ಒಬ್ಬರೇ ಲೆಕ್ಕ ಹಾಕಿ ಕೊಡುತ್ತಿರಲಿಲ್ಲ. ಅಷ್ಟು ಅನುಭವ ಇದ್ದದ್ದಕ್ಕೇ ಕೊಡುತ್ತಿರಲಿಲ್ಲ ಅಂತ ಈಗ ಅನಿಸುತ್ತದೆ.

ನಮ್ಮ ಕೆಲಸದಲ್ಲಿ ಹೆದರಬೇಕಾದ್ದು ಕೇಳದೇ ಇರುವ ನರ್ಸಿಗೆ. 'ನನಗೆ ಡೌಟ್ ಇದೆ, ಒಮ್ಮೆ ನೋಡಿ' ಅನ್ನುವವರ ರೋಗಿಗಳು ಸುರಕ್ಷಿತವಾಗಿರುತ್ತಾರೆ. ಬೋಗಸ್ ಅಂತ ಗೊತ್ತಾಗಿಬಿಡುತ್ತದೆ ಅನ್ನೋ ಭಯಕ್ಕೆ ಪ್ರಶ್ನೆ ನುಂಗಿಕೊಳ್ಳುತ್ತೇವಲ್ಲ, ಈ ಭಾವನೆಯಿಂದ ಆಗುವ ನಿಜವಾದ ಹಾನಿ ಅದು. ಉಳಿದದ್ದು ನಮ್ಮ ನಿದ್ದೆ ಕೆಡಿಸುತ್ತದೆ. ಇದು ಇನ್ನೊಬ್ಬರಿಗೆ ತೊಂದರೆ ಮಾಡುತ್ತದೆ.

ಕಡೇ ಬೆಂಚು

ನಾನು ಪಿಎಚ್‌ಡಿ ಮೊದಲ ವರ್ಷದಲ್ಲಿದ್ದೇನೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಸೆಮಿನಾರ್‌ನಲ್ಲಿ ಕೂತಾಗ ಎಲ್ಲರೂ ತಲೆಯಾಡಿಸುತ್ತಾರೆ, ನನಗೊಬ್ಬನಿಗೇ ಅರ್ಥ ಆಗುತ್ತಿಲ್ಲ ಅನಿಸುತ್ತದೆ. ಅವರೆಲ್ಲ ಚಿಕ್ಕಂದಿನಿಂದ ಈ ಭಾಷೆ ಕೇಳಿ ಬೆಳೆದವರು, ನಾನು ಯಾವುದೋ ಬಾಗಿಲಿನಿಂದ ನುಸುಳಿ ಬಂದವನು ಅನ್ನೋ ಹಾಗೆ. ಕೇಳೋಣ ಅಂದರೆ ಬಾಯಿ ಬರುವುದಿಲ್ಲ. ನೈಟ್ ಡ್ಯೂಟಿ ಅಕ್ಕ ಬರೆದದ್ದು ಓದಿ ಸ್ವಲ್ಪ ಧೈರ್ಯ ಬಂತು. ಆದರೆ ಅಲ್ಲಿ ಕೇಳುವುದೇ ನಿಯಮ. ಇಲ್ಲಿ ಕೇಳಿದವನು ಒಬ್ಬನೇ ಎದ್ದು ಕಾಣುತ್ತಾನೆ.

ಪುಸ್ತಕದ ಹುಳು

ನೀವು ಹೇಳಿದ ದೃಶ್ಯವನ್ನೇ ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮ್ಯಾಕ್‌ಫಾರ್ಲೆಂಡ್ ಅನ್ನುವವರು 1987ರಲ್ಲಿ ಅಧ್ಯಯನ ಮಾಡಿದ್ದಾರೆ. ವಿದ್ಯಾರ್ಥಿಗಳಿಗೆ ಬೇಕಂತಲೇ ಅರ್ಥವಾಗದ ಹಾಗೆ ಬರೆದ ಒಂದು ಲೇಖನ ಓದಲು ಕೊಟ್ಟರು. ಅರ್ಥ ಆಗದಿದ್ದರೆ ಬಂದು ಕೇಳಿ ಅಂದರು. ವಿದ್ಯಾರ್ಥಿಗಳು ಸುಮ್ಮನೆ ಕೂತರು. ಪ್ರತಿಯೊಬ್ಬರಿಗೂ ತಾವು ಯಾಕೆ ಕೇಳಲಿಲ್ಲ ಅಂತ ಗೊತ್ತಿತ್ತು, ಮುಜುಗರ. ಬೇರೆಯವರು ಯಾಕೆ ಕೇಳಲಿಲ್ಲ? ಅವರಿಗೆ ಅರ್ಥ ಆಗಿರಬೇಕು ಅಂತ ತಿಳಿದರು. ಒಂದೇ ಮೌನಕ್ಕೆ ತಮ್ಮ ಪಾಲಿಗೆ ಒಂದು ಕಾರಣ, ಬೇರೆಯವರ ಪಾಲಿಗೆ ಇನ್ನೊಂದು.

ನಿಮ್ಮ ಸೆಮಿನಾರ್‌ನಲ್ಲಿ ತಲೆಯಾಡಿಸುವವರಲ್ಲಿ ಎಷ್ಟು ಜನ ನಿಮ್ಮನ್ನು ನೋಡಿ 'ಇವನಿಗೆ ಅರ್ಥ ಆಗಿದೆ' ಅಂದುಕೊಂಡಿರಬಹುದು ಅಂತ ಯೋಚಿಸಿ.

@ಮೋಡದ ಮರೆ, ನಿಮ್ಮ 'ಎಲ್ಲರೂ ನೋಡಿಬಿಟ್ಟರು' ಅನ್ನೋ ಮಾತಿಗೂ ಒಂದು ಉತ್ತರ ಇದೆ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಜನರಿಂದ ಭಾಷಣ ಮಾಡಿಸಿದರು. ಮಾತಾಡಿದವರು ತಮ್ಮ ನಡುಕ ಎಲ್ಲರಿಗೂ ಕಾಣಿಸಿತು ಅಂದುಕೊಂಡರು. ಕೇಳಿದವರಿಗೆ ಅಷ್ಟು ಕಾಣಿಸಿರಲಿಲ್ಲ. ಇನ್ನೂ ಚೆಂದದ ವಿಷಯ ಅಂದರೆ, ಕೆಲವರಿಗೆ ಈ ವಿಷಯವನ್ನು ಮೊದಲೇ ಹೇಳಿ ಭಾಷಣಕ್ಕೆ ಕಳಿಸಿದರು. ಅವರ ಭಾಷಣಕ್ಕೆ ಕೇಳುಗರು ಹೆಚ್ಚು ಒಳ್ಳೇ ಅಂಕ ಕೊಟ್ಟರು. ಹೆದರಿಕೆ ಒಳಗಿರುವಷ್ಟು ಹೊರಗೆ ಕಾಣುವುದಿಲ್ಲ ಅಂತ ತಿಳಿದದ್ದೇ ಅಷ್ಟು ಕೆಲಸ ಮಾಡಿತು.

ಮೇಷ್ಟ್ರು

ನಾನು ಶಾಲೆಯಲ್ಲಿ ಪಾಠ ಮಾಡುವವನು. ಇದು ದೊಡ್ಡವರಾದ ಮೇಲೆ ಶುರುವಾಗುವ ವಿಷಯ ಅಂತ ನನಗೆ ಅನಿಸುವುದಿಲ್ಲ.

ಕ್ಲಾನ್ಸ್ ಮತ್ತು ಐಮ್ಸ್ ಎರಡು ಬಗೆಯ ಮನೆಗಳ ಬಗ್ಗೆ ಬರೆದಿದ್ದಾರೆ. ಒಂದರಲ್ಲಿ ಅಕ್ಕನೋ ತಮ್ಮನೋ 'ಬುದ್ಧಿವಂತ' ಅಂತ ಹೆಸರು ಪಡೆದಿರುತ್ತಾರೆ, ಈ ಮಗುವಿಗೆ 'ಒಳ್ಳೇ ಮನಸ್ಸು' ಅನ್ನೋ ಪಟ್ಟ. ಮಗು ಎಷ್ಟು ಅಂಕ ತೆಗೆದರೂ ಮನೆಯವರ ಅಭಿಪ್ರಾಯ ಬದಲಾಗುವುದಿಲ್ಲ. ಕೊನೆಗೆ ಮಗುವೂ ಅದನ್ನೇ ನಂಬುತ್ತದೆ. ಇನ್ನೊಂದು ಮನೆಯಲ್ಲಿ 'ನಮ್ಮ ಮಗು ಏನು ಬೇಕಾದರೂ ಮಾಡುತ್ತದೆ, ಅದೂ ಸಲೀಸಾಗಿ' ಅಂತ ಸದಾ ಹೊಗಳಿಕೆ. ಯಾವತ್ತೋ ಒಂದು ಪಾಠ ಕಷ್ಟ ಆಗುತ್ತದೆ. ಸಲೀಸಾಗಿ ಬರಬೇಕಿತ್ತು, ಬರಲಿಲ್ಲ. ಹಾಗಾದರೆ ನಾನು ಬುದ್ಧಿವಂತ ಅಲ್ಲ, ಇವರಿಗೆ ಗೊತ್ತಾಗಿಲ್ಲ ಅಷ್ಟೇ ಅಂತ ಮಗು ತೀರ್ಮಾನ ಮಾಡುತ್ತದೆ. ಈ ಎರಡನೇ ಬಗೆಯ ಮಕ್ಕಳನ್ನು ನಾನು ತರಗತಿಯಲ್ಲಿ ತುಂಬಾ ನೋಡುತ್ತೇನೆ. ಲೆಕ್ಕ ತಪ್ಪಾದಾಗ ಬೇರೆ ಮಕ್ಕಳು ರಬ್ಬರ್ ಹುಡುಕುತ್ತಾರೆ. ಇವರು ನೋಟ್‌ಬುಕ್ಕಿನ ಮೇಲೆ ಕೈ ಅಡ್ಡ ಇಡುತ್ತಾರೆ.

ಹಾಗಂತ ಅಪ್ಪ ಅಮ್ಮನ ಮೇಲೆ ಹೊರಿಸುವುದು ಬೇಡ. ಅವರು ಪ್ರೀತಿಯಿಂದಲೇ ಹೇಳಿರುತ್ತಾರೆ. ಈಗ ಟೀಮಿನಲ್ಲಿ ಕಿರಿಯರನ್ನು ಹೊಗಳುವ ಜಾಗದಲ್ಲಿ ನೀವಿದ್ದೀರಿ ಅನ್ನೋದಕ್ಕೆ ಹೇಳಿದೆ. 'ನೀನು ಜೀನಿಯಸ್' ಅನ್ನುವ ಬದಲು 'ಟೈಮ್‌ಔಟ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು, ಆ ಜಾಗ ನಾವೆಲ್ಲ ಮತ್ತೊಮ್ಮೆ ನೋಡಿದೆವು' ಅನ್ನಿ. ಆ ಹುಡುಗನಿಗೂ ಹೆದರಿಕೆ ಇತ್ತು, ಅಲ್ವಾ?

ಕಿವಿಗೊಡುವವಳು

ನಾನು ಆಪ್ತಸಮಾಲೋಚಕಿ. ಎಲ್ಲ ಓದಿದೆ, ತುಂಬಾ ಒಳ್ಳೆಯ ಮಾತುಗಳು ಬಂದಿವೆ. ಕೈಗೆ ಹಿಡಿಯುವಂಥ ಒಂದೆರಡು ಕೆಲಸ ಸೇರಿಸುತ್ತೇನೆ. ಎರಡೂ 1978ರ ಅದೇ ಪ್ರಬಂಧದಲ್ಲಿವೆ, ನಾನು ಈಗಲೂ ಬಳಸುತ್ತೇನೆ.

ಒಂದು, ಬರೆದಿಡುವುದು. ನಿಮ್ಮ ಕೆಲಸದ ಬಗ್ಗೆ ಯಾರಾದರೂ ಒಳ್ಳೆಯದು ಹೇಳಿದರೆ ಅದನ್ನು ಬರೆಯಿರಿ. ಪಕ್ಕದಲ್ಲೇ ನೀವು ಅದನ್ನು ಹೇಗೆ ತಳ್ಳಿಹಾಕಿದಿರಿ ಅಂತಲೂ ಬರೆಯಿರಿ. ಹೊಗಳಿಕೆಯ ಪಟ್ಟಿ ಮಾತ್ರ ಮಾಡುವವರು ತುಂಬಾ ಜನ, ಅದರಿಂದ ಅಷ್ಟು ಲಾಭ ಇಲ್ಲ. ಎರಡನೆಯ ಕಾಲಮ್ಮೇ ಮುಖ್ಯ. 'ಮ್ಯಾನೇಜರ್ ಚೆನ್ನಾಗಿ ವಿವರಿಸಿದಿರಿ ಅಂದರು' ಅಂತ ಒಂದು ಕಡೆ, 'ಸಮಾಧಾನಕ್ಕೆ ಹೇಳಿದರು' ಅಂತ ಇನ್ನೊಂದು ಕಡೆ. ಕೆಲವು ವಾರ ಬರೆದ ಮೇಲೆ ಎರಡನೇ ಕಾಲಮ್ ಮಾತ್ರ ಓದಿ. ಬೇರೆ ಬೇರೆ ಜನ, ಬೇರೆ ಬೇರೆ ಕೆಲಸ, ಆದರೆ ತಳ್ಳಿಹಾಕುವ ಮಾತು ಮಾತ್ರ ಅವೇ ಎರಡೋ ಮೂರೋ ಇರುತ್ತವೆ. ಆಗ ಅದು ಅಭ್ಯಾಸ ಅಂತ ಕಾಣತೊಡಗುತ್ತದೆ.

ಇನ್ನೊಂದು ಸ್ವಲ್ಪ ಕಷ್ಟದ್ದು. ನೀವು ಯಾರನ್ನೆಲ್ಲ 'ಮೋಸ ಮಾಡಿದ್ದೇನೆ' ಅಂದುಕೊಂಡಿದ್ದೀರೋ ಅವರನ್ನು ಮನಸ್ಸಿನಲ್ಲಿ ಎದುರಿಗೆ ಕೂರಿಸಿಕೊಳ್ಳಿ. ಹೇಗೆ ಮೋಸ ಮಾಡಿದಿರಿ ಅಂತ ಅವರಿಗೆ ಜೋರಾಗಿ ಹೇಳಿ. ಆಮೇಲೆ ಅವರು ಏನು ಉತ್ತರ ಕೊಡುತ್ತಾರೆ ಅಂತ ಊಹಿಸಿ. ಹೀಗೆ ಮಾಡಿದ ಕೆಲವರಿಗೆ ಎದುರಿನವರು ಸಿಟ್ಟಾದದ್ದು ಕಾಣಿಸಿತ್ತು. 'ನನಗೆ ಜನರನ್ನು ಅಳೆಯೋಕೆ ಬರಲ್ಲ ಅಂತೀಯಾ?' ಅನ್ನೋ ಸಿಟ್ಟು. ಯೋಚಿಸಿ ನೋಡಿ. ನಾನು ಎಲ್ಲರನ್ನೂ ಯಾಮಾರಿಸಿದ್ದೇನೆ ಅನ್ನಬೇಕಾದರೆ ನನ್ನನ್ನು ಆರಿಸಿದವರೆಲ್ಲ ದಡ್ಡರಾಗಿರಬೇಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದು ಕಾಯಿಲೆ ಅಲ್ಲ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್ಎಂ-5 ಪಟ್ಟಿಯಲ್ಲಿ ಇದು ಇಲ್ಲ. ಆದರೆ ಖಿನ್ನತೆ, ಆತಂಕ ಇದರ ಜೊತೆಗೇ ಬರುವುದುಂಟು. ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ, ಊಟ ಎರಡೂ ಕೆಟ್ಟರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡ ಅನಿಸಿದರೆ ದಯವಿಟ್ಟು ವೈದ್ಯರನ್ನು ಕಾಣಿ. ಅದನ್ನು 'ಇಂಪೋಸ್ಟರ್ ಸಿಂಡ್ರೋಮ್ ಇರಬೇಕು' ಅಂತ ಸುಮ್ನೆ ಬಿಡಬೇಡಿ.

ಮೋಡದ ಮರೆ

ಎರಡು ಕಾಲಮ್ ಶುರು ಮಾಡಿದ್ದೇನೆ. ಈಗಲೇ ಗೊತ್ತಾಗುತ್ತಿದೆ, ನನ್ನ ಎರಡನೇ ಕಾಲಮ್ಮಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಪದ 'ಅದೃಷ್ಟ'. ಒಳ್ಳೇ ಟೀಮ್ ಸಿಕ್ಕಿದ್ದು ಅದೃಷ್ಟ, ಒಳ್ಳೇ ಪ್ರಾಜೆಕ್ಟ್ ಸಿಕ್ಕಿದ್ದು ಅದೃಷ್ಟ.

ಆದರೆ ಒಂದು ಪ್ರಾಮಾಣಿಕ ಪ್ರಶ್ನೆ. ಅದೃಷ್ಟ ನಿಜವಾಗಲೂ ಇತ್ತಲ್ವಾ? ನನ್ನಷ್ಟೇ ಚೆನ್ನಾಗಿ ಕೆಲಸ ಮಾಡುವವರು ಇನ್ನೊಂದು ಟೀಮಿನಲ್ಲಿದ್ದಾರೆ, ಅವರ ಪ್ರಾಜೆಕ್ಟ್ ನಿಂತುಹೋಯಿತು, ಅವರಿಗೆ ಬಡ್ತಿ ಬರಲಿಲ್ಲ. ಅದೃಷ್ಟ ಇಲ್ಲವೇ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡರೆ ಅದು ಸುಳ್ಳಾಗುತ್ತದೆ.

ನೇರ ಮಾತು

ಖಂಡಿತ ಇತ್ತು. ಅದನ್ನು ಒಪ್ಪಿಕೊಳ್ಳುವುದು ಒಳ್ಳೆಯ ಗುಣ, ಬಿಡಬೇಡಿ. ನಾನು ಕೇಳುವುದು ಇನ್ನೊಂದು. ಕೆಲಸ ಕೆಟ್ಟಾಗಲೂ ಅದೃಷ್ಟದ ಲೆಕ್ಕ ಹಾಕುತ್ತೀರಾ? ರಿಲೀಸ್ ತಡವಾದರೆ 'ಬೇರೆ ಟೀಮಿನ ಕೆಲಸ ಮುಗಿದಿರಲಿಲ್ಲ, ಅದರಲ್ಲಿ ನನ್ನ ದುರದೃಷ್ಟವೂ ಇತ್ತು' ಅನ್ನುತ್ತೀರಾ, ಅಥವಾ ಪೂರ್ತಿ ನನ್ನದೇ ತಪ್ಪು ಅನ್ನುತ್ತೀರಾ? ಗೆದ್ದಾಗ ಅದೃಷ್ಟ, ಸೋತಾಗ ನಾನು ಅಂತ ಬರೆದರೆ ಆ ಲೆಕ್ಕ ಪುಸ್ತಕವೇ ಸರಿಯಿಲ್ಲ. ಎರಡೂ ಕಡೆ ಒಂದೇ ನಿಯಮ ಇರಲಿ.

ನನ್ನ ಮೊದಲಿನ ಮಾತಿಗೂ ಅಂಟಿಕೊಂಡಿದ್ದೇನೆ. ಡೈರಿ ಬರೆಯಿರಿ, ಒಳ್ಳೆಯದು. ಆದರೆ ಮ್ಯಾನೇಜರ್ ಹತ್ತಿರ ಹೋಗಿ ಆ ಎರಡು ಪ್ರಶ್ನೆ ಕೇಳಿ. ನಿಮ್ಮನ್ನು ಯಾಕೆ ಆರಿಸಿದರು ಅಂತ ನಿಮ್ಮ ತಲೆಯೊಳಗೆ ಹುಡುಕಿದರೆ ಉತ್ತರ ಸಿಗಲ್ಲ, ಅದು ಇರುವುದು ಅವರ ತಲೆಯಲ್ಲಿ.

ಕಿವಿಗೊಡುವವಳು

ಇಲ್ಲಿ ನೇರ ಮಾತು ಅವರ ಜೊತೆ ನಾನು ಪೂರ್ತಿ ಒಪ್ಪುತ್ತೇನೆ. ಕೇಳುವಾಗ 'ನಾನು ಸರಿಯಾಗಿ ಮಾಡ್ತಿದ್ದೀನಾ?' ಅಂತ ಕೇಳಬೇಡಿ. ಅದಕ್ಕೆ ಯಾರಾದರೂ 'ಹೂಂ, ಚೆನ್ನಾಗಿ ಮಾಡ್ತಿದ್ದೀರಿ' ಅಂತಲೇ ಹೇಳುತ್ತಾರೆ, ನಿಮ್ಮ ಎರಡನೇ ಕಾಲಮ್ಮಿಗೆ ಇನ್ನೊಂದು ಸಾಲು ಸೇರುತ್ತದೆ. ನಿರ್ದಿಷ್ಟವಾಗಿ ಕೇಳಿ. 'ನನ್ನನ್ನು ಆರಿಸುವಾಗ ನೀವು ಯಾವ ಯಾವ ಕೆಲಸ ನೋಡಿದಿರಿ?' ಅಂತ.

ಮೋಡದ ಮರೆ

ಕೇಳಿದೆ. ಕೇಳುವಾಗ ಧ್ವನಿ ನಡುಗಿತು, ಆದರೆ 2003ರ ಆ ಭಾಷಣದ ಅಧ್ಯಯನ ನೆನಪಿಗೆ ಬಂತು, ನಿಲ್ಲಿಸಲಿಲ್ಲ.

ಅವರು ಸ್ವಲ್ಪ ಯೋಚಿಸಿ ಮೂರು ವಿಷಯ ಹೇಳಿದರು. ಸರ್ವರ್ ಕೆಟ್ಟ ದಿನ ನಾನು ಯಾರ ಮೇಲೂ ಹೊರಿಸದೆ ಏನಾಯಿತು ಅಂತ ಗಂಟೆ ಗಂಟೆಗೆ ಎಲ್ಲರಿಗೂ ಬರೆದು ತಿಳಿಸಿದ್ದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬೇಗ ಹೇಳುವುದು. ಹೊಸಬರು ಪ್ರಶ್ನೆ ಇದ್ದರೆ ಮೊದಲು ನನ್ನ ಹತ್ತಿರ ಬರುವುದು. 'ಎಲ್ಲ ಗೊತ್ತಿದೆ' ಅನ್ನೋದು ಆ ಪಟ್ಟಿಯಲ್ಲಿ ಇರಲೇ ಇಲ್ಲ. ನಾನು ನನ್ನ ಕೊರತೆ ಅಂದುಕೊಂಡಿದ್ದ ವಿಷಯವನ್ನೇ ಅವರು ಎರಡನೆಯ ಕಾರಣವಾಗಿ ಹೇಳಿದರು. ಲೀಡ್ ಕೆಲಸ ಏನೇನು ಅಂತ ಒಂದು ಪುಟ ಬರೆದುಕೊಡಲೂ ಒಪ್ಪಿದ್ದಾರೆ.

ಭಯ ಹೋಗಿದೆಯಾ ಅಂದರೆ ಇಲ್ಲ. ಮುಂದಿನ ರಿವ್ಯೂಗೆ ತಯಾರಿ ಮಾಡುತ್ತಿದ್ದೇನೆ, ಈ ಸಲ ಊಟದ ಹೊತ್ತಿಗೆ ನಿಲ್ಲಿಸುತ್ತೇನೆ ಅಂತ ನಿರ್ಧಾರ ಮಾಡಿದ್ದೇನೆ.

ಪುಸ್ತಕದ ಹುಳು

ಅವರು ಹೇಳಿದ ಮೂರನೇ ಕಾರಣ ನೋಡಿ ಖುಷಿಯಾಯಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಬಸೀಮಾ ಟ್ಯೂಫಿಕ್ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರದ್ದು. ಹೂಡಿಕೆ ಸಲಹೆ ಕೊಡುವ ಸಂಸ್ಥೆಯ ಉದ್ಯೋಗಿಗಳನ್ನೂ ವೈದ್ಯಕೀಯ ತರಬೇತಿಯಲ್ಲಿದ್ದವರನ್ನೂ ನೋಡಿದರು. ಈ ಬಗೆಯ ಯೋಚನೆ ಜಾಸ್ತಿ ಇದ್ದವರು ಜನರ ಜೊತೆ ವ್ಯವಹರಿಸುವುದರಲ್ಲಿ ಚೆನ್ನಾಗಿದ್ದಾರೆ ಅಂತ ಬೇರೆಯವರು ಹೇಳಿದರು. ಎದುರಿನವರ ಕಡೆ ಅವರ ಗಮನ ಜಾಸ್ತಿ ಇರುತ್ತದೆ. ಹಾಗಂತ ಈ ಸಂಕಟ ಒಳ್ಳೆಯದು, ಇರಲಿ ಬಿಡಿ ಅಂತ ಯಾರೂ ನಿಮಗೆ ಹೇಳಲು ಬಿಡಬೇಡಿ.

ಕಡೇ ಬೆಂಚು

ನಾನೂ ನನ್ನ ಗೈಡ್ ಹತ್ತಿರ ಇದನ್ನೇ ಕೇಳಬಹುದಾ? ಅವರು ತುಂಬಾ ಬಿಜಿ. 'ನನ್ನನ್ನು ಯಾಕೆ ತೆಗೆದುಕೊಂಡಿರಿ' ಅಂತ ಕೇಳಿದರೆ ಹೊಗಳಿಸಿಕೊಳ್ಳೋಕೆ ಬಂದಿದ್ದಾನೆ ಅಂದುಕೊಂಡರೆ?

ಮೇಷ್ಟ್ರು

ಕೇಳಪ್ಪ, ಧಾರಾಳವಾಗಿ ಕೇಳು. ಮುಂದೆ ಏನು ಮಾಡಬೇಕು ಅನ್ನೋದರ ಜೊತೆ ಸೇರಿಸಿ ಕೇಳಿದರೆ ಹಾಗೆ ಅನಿಸುವುದಿಲ್ಲ. 'ಸರ್, ನನ್ನ ಅರ್ಜಿಯಲ್ಲಿ ನಿಮಗೆ ಯಾವುದು ಒಳ್ಳೆಯದು ಅನಿಸಿತು, ಯಾವುದು ಇನ್ನೂ ಗಟ್ಟಿಯಾಗಬೇಕು ಅನಿಸಿತು? ಈ ವರ್ಷ ಅದರ ಮೇಲೆ ಕೆಲಸ ಮಾಡ್ತೀನಿ' ಅನ್ನು. ಎರಡೂ ಉತ್ತರ ಬರೆದುಕೋ. ಸೆಮಿನಾರ್‌ನಲ್ಲಿ ಪಕ್ಕ ಕೂರುವ ಒಬ್ಬರನ್ನಾದರೂ ಹೊರಗೆ ಬಂದ ಮೇಲೆ 'ಮೂರನೇ ಸ್ಲೈಡ್ ನಿಮಗೆ ಅರ್ಥ ಆಯ್ತಾ?' ಅಂತ ಕೇಳಿ ನೋಡು. ಏನಂದರು ಅಂತ ಇಲ್ಲಿ ಬಂದು ಬರಿ.